ಗಲಗಲಿ ತಿದ್ದುಪಡಿ

ನಮ್ಮ ಪ್ರಯೋಗಾಲಯದಲ್ಲಿ ಒಂದು ಸಂಖ್ಯೆ ಇತ್ತು. ಅದು ಬದಲಾಗಬಾರದಾಗಿತ್ತು. ಬದಲಾಗದಂತೆ ಕಾಯುವುದಕ್ಕೇ ನಮ್ಮನ್ನು ನೇಮಿಸಿದ್ದಾರೇನೋ ಎಂಬಷ್ಟು ನಿಷ್ಠೆಯಿಂದ ಮೂವತ್ತೆರಡು ವರ್ಷ ಅದನ್ನು ಕಾದೆವು. ಅದರಲ್ಲಿ ನನ್ನ ಪಾಲು ಕಡೆಯ ಹನ್ನೊಂದು ವರ್ಷ ಮಾತ್ರ, ಆದರೂ 'ನಾವು' ಅನ್ನುತ್ತೇನೆ. ತಪ್ಪಿನಲ್ಲಿ ಪಾಲು ಕೇಳುವಾಗ ವರ್ಷ ಎಣಿಸಬಾರದು.

ಆ ಸಂಖ್ಯೆಗೆ ಗುರುತ್ವ ಸ್ಥಿರಾಂಕ ಎಂದು ಹೆಸರು. ಹೆಸರಿಗೆ ಹೆದರಬೇಡಿ. ಲೋಕದಲ್ಲಿ ಯಾವ ಎರಡು ವಸ್ತುಗಳನ್ನು ತೆಗೆದುಕೊಂಡರೂ ಒಂದು ಇನ್ನೊಂದನ್ನು ತನ್ನ ಕಡೆಗೆ ಎಳೆಯುತ್ತಿರುತ್ತದೆ. ಭೂಮಿ ಚಂದ್ರನನ್ನು ಎಳೆಯುತ್ತದೆ, ನೀವು ಕೂತ ಕುರ್ಚಿ ಕೂಡ ನಿಮ್ಮನ್ನು ಅಷ್ಟಿಷ್ಟು ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂದು ಹೇಳುವುದು ಈ ಒಂದೇ ಸಂಖ್ಯೆ. ನಿನ್ನೆ ಇದ್ದಷ್ಟೇ ಇಂದು, ಇಲ್ಲಿ ಇದ್ದಷ್ಟೇ ನಕ್ಷತ್ರದಲ್ಲಿ ಎಂಬುದು ನಂಬಿಕೆ. ಸೂರ್ಯ ಇನ್ನೆಷ್ಟು ಕಾಲ ಉರಿದಾನು, ವಿಶ್ವ ಹುಟ್ಟಿ ಎಷ್ಟು ಕಾಲವಾಯಿತು ಎನ್ನುವ ಲೆಕ್ಕಗಳೆಲ್ಲ ಈ ನಂಬಿಕೆಯ ಮೇಲೆ ಕೂತಿವೆ. ಪಠ್ಯಪುಸ್ತಕದ ಹಿಂಬದಿಯ ಕೋಷ್ಟಕದಲ್ಲಿ ಅದು ಅಚ್ಚಾಗಿರುತ್ತದೆ. ಅಚ್ಚಾದದ್ದನ್ನು ಯಾರು ಅನುಮಾನಿಸುತ್ತಾರೆ?

ನಾವು ಅದನ್ನು ಅಳೆಯುತ್ತಿದ್ದದ್ದು ಕೋಲಾರದ ಕಡೆಯ ಸಿಂಗನಗುಡ್ಡದ ಹಳೆಯ ಚಿನ್ನದ ಗಣಿಯಲ್ಲಿ, ನೆಲದಿಂದ ಮುನ್ನೂರು ಮೀಟರ್ ಕೆಳಗೆ. ಅಲ್ಲಿ ಲಾರಿ ಬಸ್ಸುಗಳ ಅದುರಾಟವಿಲ್ಲ, ಬಿಸಿಲು ಗಾಳಿಯ ಕಾಟವಿಲ್ಲ. ಕೂದಲಿಗಿಂತ ತೆಳ್ಳನೆಯ ತಂತಿಯಲ್ಲಿ ಒಂದು ಕಡ್ಡಿ ಅಡ್ಡಡ್ಡ ತೂಗುತ್ತದೆ. ಕಡ್ಡಿಯ ಎರಡು ತುದಿಗೆ ಎರಡು ಪುಟ್ಟ ಚಿನ್ನದ ಗುಂಡು, ಅದೇ ಗಣಿಯ ಚಿನ್ನ. ಪಕ್ಕದಲ್ಲಿ ಎರಡು ಭಾರಿ ಸೀಸದ ಗುಂಡು. ಸೀಸ ಚಿನ್ನವನ್ನು ಎಷ್ಟು ಎಳೆಯಿತೋ ತಂತಿ ಅಷ್ಟು ತಿರುಚಿಕೊಳ್ಳುತ್ತದೆ. ತಂತಿಗೆ ಅಂಟಿಸಿದ ಕನ್ನಡಿಯ ಚೂರಿನಿಂದ ಬೆಳಕಿನ ಚುಕ್ಕೆಯೊಂದು ದೂರದ ಅಳತೆಪಟ್ಟಿಯ ಮೇಲೆ ಬೀಳುತ್ತದೆ. ಎಳೆತ ಹೆಚ್ಚಾದರೆ ಚುಕ್ಕೆ ದೊಡ್ಡ ಅಂಕಿಯ ಗೆರೆಗೆ ಏರುತ್ತದೆ, ಕಡಿಮೆಯಾದರೆ ಸಣ್ಣ ಅಂಕಿಯ ಗೆರೆಗೆ ಇಳಿಯುತ್ತದೆ. ಅಷ್ಟೇ ಯಂತ್ರ.

ದಿನವೂ ಬೆಳಗ್ಗೆ ಹನ್ನೊಂದಕ್ಕೆ ಒಬ್ಬರು ದೂರದರ್ಶಕಕ್ಕೆ ಕಣ್ಣಿಟ್ಟು ಗೆರೆ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ನೋಡಿದವರು ಬರೆಯುವಂತಿಲ್ಲ, ಬರೆಯುವವರು ನೋಡುವಂತಿಲ್ಲ. ಇದು ಪ್ರಯೋಗ ಶುರುಮಾಡಿದ ಡಾಕ್ಟರ್ ಇಂದುಮತಿ ಗಲಗಲಿಯವರು ಮೊದಲ ದಿನವೇ ಹಾಕಿದ ನಿಯಮ. ಕಣ್ಣಿಗೆ ಕಂಡದ್ದು ಪೆನ್ಸಿಲ್ ಪುಸ್ತಕಕ್ಕೆ, ತಿದ್ದುಪಡಿ ಮಾಡಿದ್ದು ಶಾಯಿ ಪುಸ್ತಕಕ್ಕೆ. ಹೊರಗಿನ ಲೋಕಕ್ಕೆ ಹೋಗುತ್ತಿದ್ದದ್ದು ಶಾಯಿ ಪುಸ್ತಕ ಮಾತ್ರ. ಆಮೇಲೆ ಬಂದ ಕಂಪ್ಯೂಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಿದ್ದದ ಸಂಖ್ಯೆಯನ್ನು ಅದು ತೋರಿಸುತ್ತಲೇ ಇರಲಿಲ್ಲ. ಅದು ಯಾರಿಗೆ ಬೇಕು ಎಂದುಕೊಂಡಿರಬೇಕು ಅದನ್ನು ಸಿದ್ಧಪಡಿಸಿದ ಪುಣ್ಯಾತ್ಮ.

ತಿದ್ದುಪಡಿಯ ಕಥೆ ಇಷ್ಟು. ಪ್ರಯೋಗ ಶುರುವಾದಾಗ ಚುಕ್ಕೆ ಮುನ್ನೂರ ಎಪ್ಪತ್ತೊಂದನೇ ಗೆರೆಯಲ್ಲಿತ್ತು. ಆಮೇಲೆ ನಿಧಾನವಾಗಿ ಏರತೊಡಗಿತು. ಅದೇ ಕಾಲಕ್ಕೆ ಗಣಿಯ ಕೆಳಗಿನ ಸುರಂಗಗಳನ್ನು ಕೈಬಿಟ್ಟಿದ್ದರು, ಅಲ್ಲಿ ನೀರು ತುಂಬಿ ಏರುತ್ತಿತ್ತು. ಅಷ್ಟು ನೀರಿನ ಭಾರಕ್ಕೆ ಬಂಡೆ ಒಂದು ಚೂರು ಬಾಗುತ್ತದೆ, ಬಂಡೆಗೆ ಕಚ್ಚಿಸಿದ ಯಂತ್ರವೂ ಬಾಗುತ್ತದೆ, ಅದಕ್ಕೇ ಚುಕ್ಕೆ ಸರಿಯುತ್ತದೆ ಎಂದು ಗಲಗಲಿ ಮೇಡಂ ತೋರಿಸಿದರು. ನೀರು ಇಷ್ಟು ಏರಿದರೆ ಚುಕ್ಕೆಯಿಂದ ಇಷ್ಟು ಗೆರೆ ಕಳೆಯಿರಿ ಎಂದು ಒಂದು ನಕ್ಷೆ ಬರೆದರು. ಕಳೆದರೆ ಸಂಖ್ಯೆ ಅಲುಗದೆ ನಿಲ್ಲುತ್ತಿತ್ತು. ಅದೇ ಗಲಗಲಿ ತಿದ್ದುಪಡಿ. ಬೇರೆ ದೇಶದ ಪುಸ್ತಕಗಳಲ್ಲೂ ಆ ಹೆಸರಿದೆ.

ತಂತಿಗೆ ಕಟ್ಟಿದ ತೇಲುಗುಂಡನ್ನು ಇಳಿಬಿಟ್ಟು ನೀರಿನ ಮಟ್ಟ ಅಳೆದು ಬರೆದಿಡುತ್ತಿದ್ದವರು ಗಣಿಯ ಪಂಪ್‌ಹೌಸಿನ ಪಿಳ್ಳಪ್ಪ. ನನ್ನ ಅಪ್ಪ. ಗಣಿ ಮುಚ್ಚಿದ ಮೇಲೂ ಪ್ರಯೋಗಾಲಯ ಅವರೊಬ್ಬರನ್ನು ಉಳಿಸಿಕೊಂಡಿತ್ತು. ಏಳನೇ ಕ್ಲಾಸು ಓದಿದ ಅಪ್ಪನ ಹೆಸರು ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು: 'ಎರಡು ವರ್ಷಗಳ ಕಾಲ ನೀರಿನ ಮಟ್ಟವನ್ನು ದೋಷವಿಲ್ಲದೆ ಅಳೆದುಕೊಟ್ಟ ಶ್ರೀ ಪಿಳ್ಳಪ್ಪನವರಿಗೆ ಕೃತಜ್ಞತೆ.' ನಾನು ಭೌತಶಾಸ್ತ್ರ ಓದಿದ್ದು ಆ ಒಂದು ಸಾಲಿನಿಂದ. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ.

ಎರಡು ವರ್ಷದ ಹಿಂದೆ ಗಣಿಯ ನೀರನ್ನು ಶುದ್ಧಮಾಡಿ ಸುತ್ತಲ ಊರುಗಳಿಗೆ ಕೊಡುವ ಯೋಜನೆ ಬಂತು. ಯೋಜನೆಯವರು ವಿದ್ಯುನ್ಮಾನ ಮಾಪಕ ಇಳಿಬಿಟ್ಟರು. ಅಪ್ಪ ನಿವೃತ್ತರಾದರು. ಮೊದಲ ದಿನವೇ ಹೊಸ ಮಾಪಕ ತೋರಿಸಿದ ಮಟ್ಟಕ್ಕೂ ಅಪ್ಪನ ರಿಜಿಸ್ಟರಿನ ಮಟ್ಟಕ್ಕೂ ಅರವತ್ತು ಮೀಟರ್ ವ್ಯತ್ಯಾಸ ಬಂತು. ನಾವು ಏನು ಮಾಡಿದೆವು ಗೊತ್ತೇ? ಹೊಸ ಮಾಪಕದ ಶೂನ್ಯವನ್ನು ಅರವತ್ತು ಮೀಟರ್ ಸರಿಸಿ ರಿಜಿಸ್ಟರಿಗೆ ಹೊಂದಿಸಿಕೊಂಡೆವು. ಕಣ್ಣೆದುರು ನಿಂತ ನೀರಿಗಿಂತ ಪುಸ್ತಕವೇ ನಮಗೆ ಹೆಚ್ಚು ನಿಜವಾಗಿತ್ತು.

ಪಂಪುಗಳು ಓಡತೊಡಗಿದವು. ಎಂಟು ತಿಂಗಳಲ್ಲಿ ನೀರು ನೂರ ನಲವತ್ತು ಮೀಟರ್ ಇಳಿಯಿತು. ನಮ್ಮ ಮನೆಯ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬಂದು, ಅಮ್ಮ ಡ್ರಮ್ಮುಗಳನ್ನೆಲ್ಲ ಅಂಗಳಕ್ಕೆ ಸಾಗಿಸಿ ಹೂವಿನ ಗಿಡ ನೆಟ್ಟಳು. ನೀರು ಅಷ್ಟು ಇಳಿದರೆ ಬಂಡೆಯ ಬಾಗು ಬಿಡಬೇಕು, ಚುಕ್ಕೆ ಮೂವತ್ತು ಗೆರೆಯಾದರೂ ಕೆಳಗೆ ಬರಬೇಕು. ಅದು ನಾನೂರ ಹದಿನೆಂಟರಲ್ಲಿ ಮುನಿಸಿಕೊಂಡವರ ಹಾಗೆ ಕೂತೇ ಇತ್ತು. ಕಂಪ್ಯೂಟರ್ ಮಾತ್ರ ತಪ್ಪದೆ ತಿದ್ದುಪಡಿ ಕಳೆದು ಎಂದೂ ಕಾಣದ ಅಂಕಿಗಳನ್ನು ತೋರಿಸುತ್ತಿತ್ತು.

ತಂತಿ ಬದಲಾಯಿಸಿದೆವು. ಗುಂಡುಗಳನ್ನು ತೊಳೆದೆವು. ಪೆಟ್ಟಿಗೆಯೊಳಗೆ ಜೇಡ ಹೊಕ್ಕಿದೆಯೇ ಎಂದು ಟಾರ್ಚು ಹಿಡಿದು ಹುಡುಕಿದೆವು. ಏನೂ ಸಿಗದಿದ್ದಾಗ ತಿದ್ದುಪಡಿಗೇ ಒಂದು ತಿದ್ದುಪಡಿ ಹುಟ್ಟಿತು. ನೀರು ಹೋದರೂ ಬಂಡೆ ಒದ್ದೆಯಾಗಿಯೇ ಇರುತ್ತದೆ, ಬಾಗು ಬಿಡಲು ಹೊತ್ತು ಬೇಕು ಎಂದು. ಅದು ಹೊಂದದಿದ್ದಾಗ ಬಂಡೆಯ ಬಿರುಕುಗಳಿಗೆ ಎರಡನೆಯದು. ಎರಡನ್ನೂ ಬರೆದವಳು ನಾನೇ. ಗಲಗಲಿ ಮೇಡಂಗೆ ಆಗ ಎಪ್ಪತ್ತನಾಲ್ಕು, ಎರಡು ಕಣ್ಣಿಗೂ ಪೊರೆ. ಆದರೂ ವಾರಕ್ಕೊಮ್ಮೆ ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದು ಬರುತ್ತಿದ್ದರು.

"ಅಮರಾ, ಎಷ್ಟು ತ್ಯಾಪಿ ಹಚ್ಚತಿ? ಬಟ್ಟೀಗಿಂತ ತ್ಯಾಪಿನೇ ಹೆಚ್ಚಾಗ್ಲಿಕ್ಕತ್ತದ," ಅಂದರು ಒಂದು ದಿನ. ಆದರೆ ತಿದ್ದುಪಡಿಯೇ ತಪ್ಪಿರಬಹುದು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಹತ್ತೊಂಬತ್ತು ವರ್ಷ ಕೂದಲೆಳೆಯಷ್ಟೂ ತಪ್ಪದೆ ಹೊಂದಿದ್ದು ತಪ್ಪಾಗುವುದು ಹೇಗೆ?

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೇ ಗೊಣಗಿದೆ. "ನೀರು ಇಳಿದ್ರೂ ಚುಕ್ಕೆ ಇಳೀತಿಲ್ಲ ಕಣಪ್ಪ. ನೀನು ಅಳೆಯೋವಾಗ ಎಷ್ಟು ಚೆನ್ನಾಗಿ ಹೊಂದ್ತಿತ್ತು!"

ಅಪ್ಪ ಮುರಿದ ಮುದ್ದೆಯನ್ನು ಸಾರಿಗೆ ಅದ್ದಿದವರು ಹಾಗೇ ಬಿಟ್ಟರು.

"ಏನಾಯ್ತು? ಖಾರ ಆಯ್ತಾ?" ಅಂದಳು ಅಮ್ಮ.

ಅಪ್ಪ ಕೈ ತೊಳೆದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನಾನೂ ಹೋಗಿ ಕೂತೆ. ಅವರು ನನ್ನ ಮುಖ ನೋಡದೆ ಹೇಳಿದರು.

"ತೇಲುಗುಂಡಿನ ತಂತಿ ಹರಿದೋಗಿತ್ತಮ್ಮ. ಹತ್ತೊಂಬತ್ತು ವರ್ಸ ಆಯ್ತು. ಮಾರ್ಚಿ ಹದಿನೇಳು. ಕಂಪ್ನಿಗೆ ಮೂರು ಸಲ ಬರ್ದೆ. ಗಣಿನೇ ಮುಚ್ತಾವ್ರೆ, ತಂತಿ ಯಾರು ಕೊಡ್ತಾರೆ?"

"ಮತ್ತೆ ಮಟ್ಟ ಹೇಗೆ ಬರೀತಿದ್ದೆ?"

"ನಿಮ್ಮ ಲ್ಯಾಬಿಂದ ದಿನಾ ಚುಕ್ಕೆ ಎಷ್ಟು ಅಂತ ಕೇಳ್ತಿದ್ದೆ. ಡಾಕ್ಟ್ರಮ್ಮನ ನಕ್ಷೆ ಪಂಪ್‌ಹೌಸ್ ಗೋಡೆ ಮೇಲೆ ಇತ್ತಲ್ಲ. ಇಷ್ಟು ಗೆರೆಗೆ ಇಷ್ಟು ನೀರು ಅಂತ ಅದ್ರಲ್ಲಿ ನೋಡಿ ಬರೀತಿದ್ದೆ."

ನನಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದಾಗ ಕೂತ ಕಟ್ಟೆಯೇ ಜಾರಿದಂತಾಯಿತು. ಚುಕ್ಕೆಯನ್ನು ನೋಡಿ ನೀರು ಬರೆದಿದ್ದರು ಅಪ್ಪ. ಆ ನೀರನ್ನು ನೋಡಿ ಚುಕ್ಕೆಯನ್ನು ತಿದ್ದಿದ್ದೆವು ನಾವು. ಹತ್ತೊಂಬತ್ತು ವರ್ಷ ಸಂಖ್ಯೆ ಅಲುಗದೆ ನಿಂತಿದ್ದರಲ್ಲಿ ಏನು ಆಶ್ಚರ್ಯ!

"ಯಾಕಪ್ಪ ಹೀಗೆ ಮಾಡಿದೆ?" ನನ್ನ ದನಿ ಏರಿತ್ತು. ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು.

"ಅದಕ್ಕೆ ಮುಂಚೆ ಹದಿಮೂರು ವರ್ಸ ನಿಜವಾಗಿ ಅಳ್ದಿದ್ದೀನಮ್ಮ. ಆಗ ನಕ್ಷೆಗೆ ಹೊಂದ್ತಾನೇ ಇರ್ಲಿಲ್ಲ. ಹೊಂದಲಿಲ್ಲ ಅಂದ್ರೆ ಡಾಕ್ಟ್ರಮ್ಮ ಬಯ್ಯೋರು. ಸರಿಯಾಗಿ ಅಳೀರಿ, ನಿದ್ದೆಗಣ್ಣಲ್ಲಿ ನೋಡ್ಬೇಡಿ ಅನ್ನೋರು. ಮಳೆಗಾಲದಲ್ಲಿ ಒಂದೇ ದಿನ ಮೂರು ಸಲ ಇಳ್ದು ಅಳ್ದಿದ್ದೀನಿ, ಆದ್ರೂ ಹೊಂದಿಲ್ಲ. ತಂತಿ ಹರಿದ್ಮೇಲೆ ನಕ್ಷೆ ನೋಡಿ ಬರ್ದೆ. ಆವತ್ತಿಂದ ಹೊಗಳೋಕೆ ಶುರು ಮಾಡಿದ್ರು." ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಅಷ್ಟು ಓದಿದೋರ ಲೆಕ್ಕ ತಪ್ಪಾಗಾಕಿಲ್ಲ, ನನ್ನ ಕಣ್ಣೇ ತಪ್ಪು ಅಂದ್ಕಂಡಿದ್ದೆ."

ಅಪ್ಪನ ಮೇಲೆ ಕೋಪ ಬಂತು, ಅಯ್ಯೋ ಅನ್ನಿಸಿತು, ಎರಡನ್ನೂ ಮೀರಿ ಒಂದು ಪ್ರಶ್ನೆ ಎದ್ದಿತು. ನೀರಲ್ಲದಿದ್ದರೆ ಚುಕ್ಕೆಯನ್ನು ಮೂವತ್ತೆರಡು ವರ್ಷ ಮೇಲಕ್ಕೆ ತಳ್ಳಿದ್ದು ಏನು?

ಸೋಮವಾರ ಬೆಳಗ್ಗೆ ನಾನು ಎದ್ದು ನೋಡುವಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಿಜಿಸ್ಟರುಗಳನ್ನು ಚೀಲಕ್ಕೆ ತುಂಬಿಕೊಂಡು ನಿಂತಿದ್ದರು. "ನಡಿ, ನಾನೇ ಹೇಳ್ತೀನಿ," ಅಂದರು.

ಗಲಗಲಿ ಮೇಡಂ ಮನೆಯ ಪಡಸಾಲೆಯಲ್ಲಿ ಅಪ್ಪ ಕೂರಲಿಲ್ಲ, ಕೊಟ್ಟ ಚಹಾ ಮುಟ್ಟಲಿಲ್ಲ. ನಿಂತುಕೊಂಡೇ ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು. ಅವರೇ ಬೈದದ್ದನ್ನೂ ಬಿಡಲಿಲ್ಲ.

ಮೇಡಂ ರಿಜಿಸ್ಟರಿನ ಹಾಳೆಗಳನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಒಂದೊಂದೇ ಮಗುಚಿದರು. ಮಾರ್ಚಿ ಹದಿನೇಳರ ಹಾಳೆ ಬಂದಾಗ ನಿಂತರು. ಅದರ ಹಿಂದಿನ ಹಾಳೆಗಳ ಅಂಚಿನಲ್ಲೆಲ್ಲ ಅವರದೇ ಅಕ್ಷರ, ಕೆಂಪು ಶಾಯಿಯಲ್ಲಿ 'ನಿಷ್ಕಾಳಜಿ', 'ಮತ್ತೆ ಅಳೆಯಿರಿ'. ಆಮೇಲಿನ ಹಾಳೆಗಳಲ್ಲಿ 'ಉತ್ತಮ', 'ಉತ್ತಮ'.

"ಪಿಳ್ಳಪ್ಪನವ್ರೇ, ಮೊದ್ಲು ಕೂಡ್ರಿ," ಅಂದರು. "ನೀವು ಖರೇ ಹೇಳಿದಾಗೆಲ್ಲ ನಿಮ್ಮನ್ನ ಬೈದೆ. ಸುಳ್ಳು ಬರದಾಗ ಪತ್ರಿಕೆದಾಗ ಹೆಸರು ಹಾಕ್ಸಿದೆ. ಇದರಾಗ ನಿಮ್ಮ ತಪ್ಪೆಷ್ಟು, ನಂದೆಷ್ಟು ಅಂತ ಅಳೀಲಿಕ್ಕೆ ಯಾವ ತಕ್ಕಡಿನೂ ಇಲ್ಲ ನನ್ನ ಹತ್ರ."

ಅಪ್ಪ ಕುರ್ಚಿಯ ತುದಿಯಲ್ಲಿ ಕೂತರು.

"ಆದ್ರ ಇದನ್ನ ಮುಚ್ಚಿಡ್ಲಿಕ್ಕೆ ಬರೂದಿಲ್ಲ. ಮಾಪಕ ಕೆಟ್ಟಿತ್ತು ಅಂತ ಬರದ್ರ ನಿಮ್ಮ ಹೆಸರು ಉಳೀತದ. ಆದ್ರ ಯಾವತ್ತಿಂದ ಕೆಟ್ಟಿತ್ತು, ಎಷ್ಟು ಕೆಟ್ಟಿತ್ತು ಅಂತ ಜನ ಕೇಳ್ತಾರ. ಇದು ಅಳದದ್ದಲ್ಲ, ನಕ್ಷಾ ನೋಡಿ ಬರದದ್ದು ಅಂತ ನೀವು ಹೇಳಿದ್ರನ ಆ ಹತ್ತೊಂಬತ್ತು ವರ್ಷ ನಮ್ಮ ಲೆಕ್ಕದಿಂದ ಬಿಡುಗಡೆ ಆಗ್ತದ."

"ನನ್ನ ಹೆಸ್ರು ಹಾಕ್ಬೇಕಾ?" ಅಪ್ಪ ಕೇಳಿದ್ದು ಅಷ್ಟೇ.

"ನನ್ನ ಹೆಸರಿನ ಪಕ್ಕನ ಹಾಕ್ತೀನಿ," ಅಂದರು ಮೇಡಂ.

ಆ ವಾರ ಮೇಡಂ ಮತ್ತು ನಾನು ಬೀರು ತೆಗೆದು ಪೆನ್ಸಿಲ್ ಪುಸ್ತಕಗಳನ್ನು ಹೊರಗೆ ಹಾಕಿದೆವು. ಮೂವತ್ತೆರಡು ವರ್ಷದ ಕಣ್ಣಿನ ಸಾಕ್ಷಿ. ಬರೆದು ಮುಗಿಸಿದ ಮೇಲೆ ಯಾರೂ ತೆರೆದಿರಲಿಲ್ಲ. ಏನನ್ನೂ ಕಳೆಯದೆ, ಏನನ್ನೂ ಕೂಡಿಸದೆ, ಒಂದೊಂದು ತಿಂಗಳಿಗೆ ಒಂದೊಂದು ಚುಕ್ಕೆಯಂತೆ ಹಾಳೆಯ ಮೇಲೆ ಇಟ್ಟೆ. ದಿಕ್ಕಾಪಾಲಾಗಿ ಚೆಲ್ಲಿಕೊಳ್ಳುತ್ತವೆ ಎಂದುಕೊಂಡಿದ್ದೆ. ಅವು ಒಂದರ ಹಿಂದೊಂದು ಸಾಲುಗಟ್ಟಿ ನುಣುಪಾಗಿ ಮೇಲೇರಿ, ತುದಿಯಲ್ಲಿ ಬಾಗುತ್ತಿದ್ದವು. ಅಷ್ಟು ಅಚ್ಚುಕಟ್ಟಾದ ಗೆರೆಯನ್ನು ನಾನು ಜೀವಮಾನದಲ್ಲಿ ಅಳತೆಯಿಂದ ಪಡೆದಿರಲಿಲ್ಲ. ಮೇಡಂ ಭೂತಗನ್ನಡಿ ಹಿಡಿದು ಅದರ ಮೇಲೆ ಬೆರಳಾಡಿಸಿದರು.

"ಇದು ನೀರಲ್ಲ, ಬಂಡೆಗಲ್ಲೂ ಅಲ್ಲ," ಅಂದರು. "ಇದು ಬ್ಯಾರೇನ ಅದ."

ಒಂದೂರಿನ ಗೆರೆಯನ್ನು ಯಾರು ನಂಬುತ್ತಾರೆ? ಹೀಗೇ ಅಳೆಯುವ ಪ್ರಯೋಗಾಲಯಗಳು ಲೋಕದಲ್ಲಿ ಇನ್ನೂ ನಾಲ್ಕಿದ್ದವು. ಒಬ್ಬರ ಉತ್ತರ ಇನ್ನೊಬ್ಬರಿಗೆ ಪೂರ್ತಿ ಹೊಂದುತ್ತಿರಲಿಲ್ಲ, ಅವರವರ ಅಳತೆ ಸರಿಯಿಲ್ಲವೆಂದು ಎಲ್ಲರೂ ಪರಸ್ಪರ ಮೂಗು ಮುರಿಯುತ್ತಿದ್ದೆವು. ಅವರಿಗೆಲ್ಲ ಪತ್ರ ಬರೆದೆ: ದಯವಿಟ್ಟು ತಿದ್ದುಪಡಿ ಮಾಡದ ಸಂಖ್ಯೆಗಳನ್ನು ಕಳಿಸಿ.

ಮೊದಲು ಉತ್ತರ ಬಂದದ್ದು ಫಿನ್ಲೆಂಡಿನಿಂದ. ಅವರು ಮೂವತ್ತು ವರ್ಷದಿಂದ ಹಿಮದ ಭಾರಕ್ಕೆಂದು ಗೆರೆ ಕಳೆಯುತ್ತಿದ್ದರು. ಜಪಾನಿನವರು ಸಮುದ್ರದ ಒತ್ತಡಕ್ಕೆಂದು ಕಳೆಯುತ್ತಿದ್ದರು. ಚಿಲಿಯವರು ಭೂಕಂಪಕ್ಕೆ, ಕೆನಡಾದವರು ಹಿಂದೆ ಸರಿಯುತ್ತಿರುವ ಹಿಮನದಿಗೆ. ಪ್ರತಿಯೊಂದು ತಿದ್ದುಪಡಿಗೂ ಒಬ್ಬೊಬ್ಬ ಹಿರಿಯರ ಹೆಸರಿತ್ತು. ಎಲ್ಲವನ್ನೂ ಕಿತ್ತುಹಾಕಿ ಐದೂ ಊರಿನ ಸಂಖ್ಯೆಗಳನ್ನು ಒಂದೇ ಹಾಳೆಯ ಮೇಲೆ ಇಟ್ಟೆ.

ಐದೂ ಒಂದೇ ಗೆರೆಯ ಮೇಲೆ ಬಂದು ಕೂತವು.

ಹಾಳೆ ಹಿಡಿದುಕೊಂಡೇ ನಾನು ನೆಲದ ಮೇಲೆ ಕೂತುಬಿಟ್ಟೆ. ಲೋಕದ ಐದು ಮೂಲೆಗಳಲ್ಲಿ ಐದು ಗುಂಪಿನ ಜನ ಒಂದೇ ಮಹಾ ಸಂಗತಿಯನ್ನು ಕಂಡಿದ್ದರು. ಕಂಡು, ಇದು ನಮ್ಮೂರ ದೋಷ ಎಂದು ನಾಚಿಕೊಂಡು ಒರೆಸಿ ಹಾಕಿದ್ದರು. ಚಂದ್ರನ ಚಲನೆಯ ಲೆಕ್ಕದಲ್ಲೂ ಇಂಥದೇ ಒಂದು ಸಣ್ಣ ತಿದ್ದುಪಡಿ ಇತ್ತೆಂದು ಆಮೇಲೆ ತಿಳಿಯಿತು. ಅದಕ್ಕೂ ಯಾರದೋ ಹೆಸರಿತ್ತು.

ಸಿದ್ಧಾಂತಿಗಳು ಮುಂದಿನ ಕೆಲಸ ಕೈಗೆತ್ತಿಕೊಂಡರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಆಕಾಶ ಎಂದರೆ ಬರೀ ಖಾಲಿ ಜಾಗವಲ್ಲ, ಅದರಲ್ಲಿ ಅಲೆಗಳೇಳುತ್ತವೆ. ಒಂದು ಅಲೆ ಎಷ್ಟು ದೊಡ್ಡದೆಂದರೆ ಸೂರ್ಯ, ಗ್ರಹಗಳು, ನಾವು, ನಮ್ಮ ಅಳತೆಪಟ್ಟಿ ಎಲ್ಲ ಒಟ್ಟಿಗೆ ಅದರ ಮೇಲೆ ತೇಲುತ್ತಿದ್ದೇವೆ. ಅಲೆ ಏರಿದಾಗ ವಸ್ತುಗಳ ನಡುವಿನ ಎಳೆತ ಒಂದು ಚೂರು ಹೆಚ್ಚು, ಇಳಿದಾಗ ಒಂದು ಚೂರು ಕಡಿಮೆ. ದಂಡೆಯ ಅಲೆಯ ಹಾಗೆ ಏರುವುದು ನಿಧಾನ, ಕವುಚಿ ಇಳಿಯುವುದು ಬೇಗ. ನಾವು ಸ್ಥಿರ ಎಂದು ಕರೆದದ್ದು ಆ ಅಲೆಯ ಒಂದು ಗಳಿಗೆಯ ಎತ್ತರವನ್ನು. ಇದನ್ನು ಮೊದಲ ಸಲ ಕೇಳಿದ ದಿನ ಮನೆಗೆ ನಡೆದು ಬರುವಾಗ ಪ್ರತಿ ಹೆಜ್ಜೆಯನ್ನೂ ಗಮನಿಸಿದೆ. ಭೂಮಿ ನನ್ನನ್ನು ಹಿಡಿದುಕೊಂಡಿರುವ ಹಿಡಿತ ಅಷ್ಟಷ್ಟೇ ಬದಲಾಗುತ್ತಿದೆ ಎಂದು ನೆನೆದು ಮೈ ಜುಮ್ಮೆಂದಿತು.

ಅಮ್ಮನಿಗೆ ಹೇಳಿದೆ. "ಹಂಗಾದ್ರೆ ನನ್ನ ಮಂಡಿ ನೋವಿಗೂ ಅದೇ ಕಾರಣ ಇರ್ಬೇಕು," ಅಂದಳು.

ಸಿದ್ಧಾಂತ ಬರೀ ಹಳೆಯದನ್ನು ವಿವರಿಸಿದರೆ ಸಾಲದು, ಮುಂದಾಗುವುದನ್ನು ಹೇಳಬೇಕು. ಹೇಳಿತು: ಅಲೆ ಈಗ ನೆತ್ತಿಯಲ್ಲಿದೆ. ಆರು ತಿಂಗಳ ನಂತರ, ಜನವರಿ ಒಂಬತ್ತಕ್ಕೆ, ನಮ್ಮ ಚುಕ್ಕೆ ನಾನೂರ ಹದಿನೆಂಟರಿಂದ ನಾನೂರ ಹನ್ನೊಂದಕ್ಕೆ ಇಳಿದಿರುತ್ತದೆ. ಅರ್ಧ ಗೆರೆ ಆಚೀಚೆ ಆಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಇಳಿಯದೆ ಹದಿನೆಂಟರಲ್ಲೇ ಉಳಿದರೆ ಹಳೆಯ ಸ್ಥಿರಾಂಕ ಗೆದ್ದಂತೆ. ನಮ್ಮ ಲೆಕ್ಕವನ್ನೂ ಸೇರಿಸಿ ಹನ್ನೊಂದು ಎಂಬ ಆ ಅಂಕಿಯನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು.

ಮೇಡಂ ಐದೂ ಪ್ರಯೋಗಾಲಯಗಳನ್ನು ಒಪ್ಪಿಸಿ ಯಂತ್ರದ ಕೋಣೆಗಳಿಗೆ ಬೀಗ ಹಾಕಿಸಿದರು. ಕಂಪ್ಯೂಟರಿನ ತಂತಿ ಕೀಳಿಸಿದರು. ಆರು ತಿಂಗಳು ಯಾರೂ ನೋಡುವಂತಿಲ್ಲ. "ದಿನಾ ನೋಡಿದ್ರ ದಿನಾ ತ್ಯಾಪಿ ಹಚ್ಚತೀವಿ," ಅಂದರು.

ಆ ಆರು ತಿಂಗಳು ನಮ್ಮ ಮನೆಯಲ್ಲಿ ಕಷ್ಟದ ಕಾಲ. ನಮ್ಮ ಲೇಖನ ಅಚ್ಚಾಗಿತ್ತು. ಅಪ್ಪನ ಹೆಸರೂ, ಅವರು ಮಾಡಿದ್ದೂ ಅದರಲ್ಲಿತ್ತು. ಪೇಪರಿನವರು ಅದನ್ನೇ ಹಿಡಿದುಕೊಂಡರು. 'ವಿಜ್ಞಾನಕ್ಕೆ ಹತ್ತೊಂಬತ್ತು ವರ್ಷ ಟೋಪಿ ಹಾಕಿದ ಪಂಪ್ ಆಪರೇಟರ್' ಎಂದು ಬರೆದರು. ಟೀ ಅಂಗಡಿಯಲ್ಲಿ ಯಾರೋ ಗಂಟೆ ಎಷ್ಟು ಎಂದು ಅಪ್ಪನನ್ನು ಕೇಳಿ, "ಗಡಿಯಾರ ನೋಡಿ ಹೇಳಪ್ಪ, ನಕ್ಷೆ ನೋಡಿ ಹೇಳ್ಬೇಡ," ಅಂದರಂತೆ. ಎಲ್ಲರೂ ನಕ್ಕರಂತೆ. ಅಪ್ಪ ಅಂಗಡಿಗೆ ಹೋಗುವುದನ್ನು ಬಿಟ್ಟರು. ನಲ್ಲಿ ಮೀಟರಿನ ಅಂಕಿಯನ್ನು ಕೂಡ ಅಮ್ಮನಿಗೇ ನೋಡಲು ಹೇಳತೊಡಗಿದರು. ನನ್ನನ್ನು ಓದಿಸಿದ ಮನುಷ್ಯ ಒಂದು ಅಂಕಿಯನ್ನು ಬಾಯಿಬಿಟ್ಟು ಹೇಳಲು ಹೆದರುವುದನ್ನು ದಿನವೂ ನೋಡಬೇಕಾಯಿತು. ಅದಕ್ಕೆ ಕಾರಣ ನಾನೇ ಬರೆದ ಸಾಲು. ಇನ್ನೊಮ್ಮೆ ಬರೆಯಬೇಕಾಗಿ ಬಂದರೂ ಅದನ್ನೇ ಬರೆಯುತ್ತೇನೆ, ಅದು ಬೇರೆ ಮಾತು.

ಜನವರಿ ಮೊದಲ ವಾರ ಮೇಡಂ ನಮ್ಮ ಮನೆಗೇ ಬಂದರು. ಕಟ್ಟೆಯ ಮೇಲೆ ಕೂತು, "ಪಿಳ್ಳಪ್ಪನವ್ರೇ, ಒಂಬತ್ತನೇ ತಾರೀಖು ಚುಕ್ಕಿ ನೀವು ನೋಡಬೇಕು," ಅಂದರು.

ಅಪ್ಪ ಬೆಚ್ಚಿಬಿದ್ದರು. "ನಾನಾ? ಬೇಡಿ ಡಾಕ್ಟ್ರಮ್ಮ. ನಾನು ನೋಡಿದ್ದನ್ನ ಯಾರು ನಂಬ್ತಾರೆ?"

"ನನ್ನ ಕಣ್ಣು ಹೋಗ್ಯಾವ. ಅಮರಾ ಆ ಹನ್ನೊಂದು ಕಟ್ಟಿದಾಕಿ, ಆಕಿಗೆ ಹನ್ನೊಂದನ ಕಾಣಸ್ತದ. ಉಳಿದವ್ರಿಗೂ ಅದನ ಬೇಕಾಗೇದ."

"ನಂಗೂ ಹನ್ನೊಂದು ಅಂತ ಗೊತ್ತಲ್ಲ. ಆರು ತಿಂಗಳಿಂದ ಮನೇಲಿ ಅದೇ ಮಾತು."

"ಗೊತ್ತಿರಲಿ. ಬೇಕಾದ ಅಂಕಿ ಕೊಟ್ರ ಎಷ್ಟು ಸುಖ ಅದ, ಆಮ್ಯಾಲ ಎಷ್ಟು ದುಃಖ ಅದ, ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ನನಗ ಆ ಕಣ್ಣು ಬೇಕು."

ಅಮ್ಮ ಒಳಗಿನಿಂದ, "ಹೋಗಿ ಬನ್ನಿ. ಮನೇಲಿ ಕೂತು ಕೂತು ನನ್ನ ತಲೆ ತಿಂತಾವ್ರೆ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಒಂಬತ್ತನೇ ತಾರೀಖು ಹನ್ನೊಂದಕ್ಕೆ ಮುಂಚೆಯೇ ನಾವು ಕೇಜಿನಲ್ಲಿ ಇಳಿದೆವು. ಮುನ್ನೂರು ಮೀಟರ್ ಇಳಿಯುವಷ್ಟು ಹೊತ್ತೂ ಅಪ್ಪ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಅಷ್ಟು ವರ್ಷ ಗಣಿಯಲ್ಲಿ ದುಡಿದರೂ ಚುಕ್ಕೆಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ನನ್ನ ಮೇಜಿನೆದುರಿನ ಪರದೆಯ ಮೇಲೆ ನಾಲ್ಕು ದೇಶಗಳ ಮುಖಗಳಿದ್ದವು. ಅವರೂ ಅದೇ ಗಳಿಗೆಯಲ್ಲಿ ಬೀಗ ತೆಗೆಯುವವರಿದ್ದರು. ಸಿಂಗನಗುಡ್ಡದ್ದು ಮೊದಲ ಸರದಿ.

ನಿಯಮದಂತೆ ನಾನು ಚುಕ್ಕೆಗೆ ಬೆನ್ನು ಮಾಡಿ ಪೆನ್ಸಿಲ್ ಪುಸ್ತಕ ಹಿಡಿದು ಕೂತೆ. ಅಪ್ಪ ಕನ್ನಡಕ ತೆಗೆದು ದೂರದರ್ಶಕಕ್ಕೆ ಕಣ್ಣಿಟ್ಟರು.

ಅವರು ದೂರದರ್ಶಕದ ತಿರುಪನ್ನು ಮೆಲ್ಲಗೆ ತಿರುಗಿಸುವುದು ಕೇಳಿಸಿತು.

"ಅಬ್ಬಾ," ಅಂದರು ಮೆಲ್ಲಗೆ. "ಇದೇನಾ?" ಆಮೇಲೆ ಜೋರಾಗಿ ಹೇಳಿದರು. "ನಾನೂರ ಹದಿಮೂರು."

ಪರದೆಯ ಮೇಲಿನವರು ತಂತಮ್ಮ ಲೆಕ್ಕದ ಹಾಳೆ ನೋಡಿಕೊಂಡರು. ಹದಿನೆಂಟಲ್ಲ, ಅಂದರೆ ಸ್ಥಿರಾಂಕ 'ಸ್ಥಿರ' ಅಲ್ಲ ಎಂಬುದು ನಿಜವಾಯಿತು. ಆದರೆ ಹನ್ನೊಂದೂ ಅಲ್ಲ. ಅರ್ಧ ಗೆರೆ ತಪ್ಪಬಹುದೆಂದು ಬರೆದುಕೊಟ್ಟಿದ್ದೆವು, ಎರಡು ಗೆರೆ ತಪ್ಪಿತ್ತು.

"ಇನ್ನೊಂದ್ಸಲ ನೋಡಪ್ಪ," ಅಂದೆ. ಅದನ್ನು ನಾನು ಕೇಳಬಾರದಿತ್ತು.

ಅಪ್ಪ ಮತ್ತೆ ನೋಡಿದರು. ಲೋಕಕ್ಕೆಲ್ಲ ಯಾವ ಅಂಕಿ ಬೇಕಾಗಿದೆ ಎಂದು ಅವರಿಗೆ ಗೊತ್ತಿತ್ತು. ಅದನ್ನು ಹೇಳಿದ್ದರೆ ಆ ಗಳಿಗೆಯಲ್ಲೇ ಚಪ್ಪಾಳೆ ಬೀಳುತ್ತಿತ್ತು. ಟೀ ಅಂಗಡಿಯವರೂ ಎದ್ದು ನಿಂತು ಜಾಗ ಬಿಡುತ್ತಿದ್ದರು.

ನಾನು ಪುಸ್ತಕ ನೋಡಿಕೊಂಡೆ. ನನ್ನ ಕೈ ಆಗಲೇ ನಾಲ್ಕು ಬರೆದು ಒಂದು ಬರೆದಿತ್ತು. ಪೆನ್ಸಿಲ್ಲಿನ ಮೊನೆ ಇನ್ನೊಂದು ನೆಟ್ಟನೆಯ ಗೀಟು ಎಳೆಯಲು ಕಾಗದದ ಮೇಲೆ ಊರಿ ನಿಂತಿತ್ತು. ದೇವರಾಣೆ, ನಾನು ಹಾಗೆ ಮಾಡಬೇಕೆಂದುಕೊಂಡಿರಲಿಲ್ಲ. ಕೈಯೇ ಹೊರಟಿತ್ತು. ಮಾರ್ಚಿ ಹದಿನೇಳರಂದು ಪಂಪ್‌ಹೌಸಿನ ಗೋಡೆಯೆದುರು ಅಪ್ಪ ಹೇಗೆ ನಿಂತಿದ್ದಿರಬೇಕೆಂದು ಆಗ ನನಗೆ ಅರ್ಥವಾಯಿತು.

"ಹದಿಮೂರೇ," ಅಂದರು ಅಪ್ಪ, ದೂರದರ್ಶಕದಿಂದ ಕಣ್ಣು ತೆಗೆಯದೆ. "ಬರ್ಕೊಳಮ್ಮ. ನಂಗೆ ಕಾಣ್ತಿರೋದು ಹದಿಮೂರು."

ಮೂರು ಎಂದು ಬರೆದೆ.

ಮುಂದಿನ ಸರದಿ ಫಿನ್ಲೆಂಡಿನದು. ಅಲ್ಲಿನ ಹೆಂಗಸು ತನ್ನ ಅಂಕಿ ಓದಿ, ಸ್ವಲ್ಪ ತಡೆದು, ಇದೂ ಇಳಿದಿದೆ, ಆದರೆ ನಾವು ಅಂದುಕೊಂಡಷ್ಟಲ್ಲ ಅಂದಳು. ಜಪಾನಿನವರೂ ಅದನ್ನೇ ಹೇಳಿದರು. ಚಿಲಿ, ಕೆನಡಾ ಕೂಡ. ಐದೂ ಊರಲ್ಲಿ ಒಂದೇ ಪಾಲಿನಷ್ಟು ಕಡಿಮೆ ಇಳಿದಿತ್ತು. ಎರಡು ಗೆರೆ ಅಪ್ಪನ ಕಣ್ಣಿನ ತಪ್ಪಲ್ಲ, ಅಲೆಯೇ ಉಳಿಸಿಕೊಂಡದ್ದು. ಆರು ತಿಂಗಳ ಪ್ರಾಯದ ನಮ್ಮ ಸಿದ್ಧಾಂತದ ಆಚೆಗೆ ಇನ್ನೂ ಏನೋ ಇತ್ತು. ಯಾರಿಗೂ ಹೆಸರು ಗೊತ್ತಿಲ್ಲದ್ದು.

ಗಲಗಲಿ ಮೇಡಂ ಎದ್ದು ನಿಂತರು. ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಅಪ್ಪನ ಹತ್ತಿರ ಹೋದರು. ಮುಖ ಒದ್ದೆಯಾಗಿತ್ತು, ನಗುತ್ತಿದ್ದರು. ಅವರ ಬದುಕಿನ ಕೆಲಸ ಆ ಬೆಳಗ್ಗೆ ಪೂರ್ತಿ ಅಳಿಸಿಹೋಗಿತ್ತು. ಅದಕ್ಕಾಗಿ ಅತ್ತದ್ದಲ್ಲವೆಂದು ನನಗೆ ಗೊತ್ತಾಯಿತು.

"ತಪ್ಪಾಯ್ತಾ ಡಾಕ್ಟ್ರಮ್ಮ?" ಅಪ್ಪ ಕೇಳಿದರು. ಪರದೆಯ ಮೇಲಿನವರು ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ.

"ನಮ್ಮ ಲೆಕ್ಕ ತಪ್ಪೇದ. ನಿಮ್ಮ ಕಣ್ಣಲ್ಲ."

"ಇನ್ನೊಂದ್ಸಲ ನೋಡ್ಲಾ?"

"ನೋಡ್ರಿ," ಅಂದರು ಮೇಡಂ, ಅವರ ಹೆಗಲ ಮೇಲೆ ಕೈಯಿಟ್ಟು. "ಏನು ಕಾಣಸ್ತದೋ ಅದನ್ನ ಹೇಳ್ರಿ."